ಗಡಿ ದಾಟುವ ಹೆಣ್ಣುಮಕ್ಕಳು, ದಾಟದ ರಿಪೋರ್ಟುಗಳು

ಕಾಸರಗೋಡಿನವರು ಮಂಗಳೂರಿಗೆ, ತಾಳವಾಡಿಯವರು ಚಾಮರಾಜನಗರಕ್ಕೆ, ರಾಯದುರ್ಗದವರು ಬಳ್ಳಾರಿಗೆ, ಜತ್ತದವರು ವಿಜಯಪುರಕ್ಕೆ, ಹೊಸೂರಿನವರು ಬೆಂಗಳೂರಿಗೆ. ಚಿಕಿತ್ಸೆಗೆಂದು ಗಡಿ ದಾಟುವುದು ನಮಗೆ ಹೊಸತಲ್ಲ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ಈ ಅವಲಂಬನೆ ಎಷ್ಟು ಎಂಬುದು ದೇಶಕ್ಕೇ ಗೊತ್ತಾಯಿತು. ದಾರಿ ತೆರೆದು ವರ್ಷಗಳಾದವು. ಆದರೆ ರೋಗಿಯ ಹಿಂದೆ ಆಕೆಯ ಹಳೆಯ ರಿಪೋರ್ಟುಗಳು ಗಡಿ ದಾಟುತ್ತಿವೆಯೇ? ಹೆಣ್ಣುಮಕ್ಕಳ ವಿಷಯದಲ್ಲಿ ಇದು ಹೆಚ್ಚು ಮುಖ್ಯ.

ನಮ್ಮಲ್ಲಿ ಹೆಣ್ಣನ್ನು ಕೊಟ್ಟು ತರುವ ಸಂಬಂಧಗಳಿಗೆ ರಾಜ್ಯದ ಗಡಿ ಅಡ್ಡಬಂದದ್ದಿಲ್ಲ. ಬಸುರಿಯ ಮೊದಲ ತಿಂಗಳುಗಳ ತಪಾಸಣೆ ಗಂಡನ ಊರಲ್ಲಿ, ಹೆರಿಗೆ ತವರಲ್ಲಿ. ಕರ್ನಾಟಕದಲ್ಲಿ ತಾಯಿ ಕಾರ್ಡು, ತಮಿಳುನಾಡಿನಲ್ಲಿ ಪಿಕ್ಮಿ ಸಂಖ್ಯೆ. ಒಂದೇ ಬಸುರಿನ ರಕ್ತಪರೀಕ್ಷೆಗಳು ಎರಡು ಕಡೆ ಹಂಚಿಹೋಗುತ್ತವೆ. ಬಸುರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷಿಸಿಕೊಳ್ಳಬೇಕು. ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚಿರುವುದರಿಂದ ಆಮೇಲೂ ಆಗಾಗ ನೋಡಿಸುತ್ತಿರಬೇಕು. ಬಾಣಂತನ ಮುಗಿಸಿ ಗಂಡನ ಮನೆಗೆ ಮರಳುವ ಹೊತ್ತಿಗೆ ಆ ಕಾಗದ ತವರಿನ ಬೀರುವಿನಲ್ಲೇ ಉಳಿದಿದ್ದರೆ, ಹೊಸ ವೈದ್ಯರಿಗೆ ಅದನ್ನು ಹೇಳುವವರು ಯಾರು?

ಒಂದೇ ರಿಪೋರ್ಟು ಪೂರ್ತಿ ಕತೆ ಹೇಳುವುದಿಲ್ಲ. ಬಸುರಿಯಲ್ಲದ ಹೆಣ್ಣಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಒಬ್ಬಾಕೆಯದು ಒಂದು ವರ್ಷ 13.6, ಮರುವರ್ಷ 12.8, ಆಮೇಲೆ 12.1 ಎಂದುಕೊಳ್ಳೋಣ. ಮೂರೂ ‘ನಾರ್ಮಲ್’. ಮೂರನ್ನೂ ಸಾಲಾಗಿ ಇಟ್ಟು ನೋಡಿದವರಿಗೆ ಮಾತ್ರ ಇಳಿಜಾರು ಕಾಣುತ್ತದೆ. ಮುಟ್ಟಿನ ಸ್ರಾವ ಹೆಚ್ಚಿದೆಯೇ ಎಂಬ ಪ್ರಶ್ನೆ ಹುಟ್ಟುವುದು ಆಗಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ದೇಶದಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಕೇರಳದಲ್ಲಿ ಇದು ಶೇ. 36ರ ಆಸುಪಾಸು, ಕರ್ನಾಟಕದಲ್ಲಿ ಶೇ. 48ರ ಹತ್ತಿರ, ಆಂಧ್ರದಲ್ಲಿ ಶೇ. 59ರ ಹತ್ತಿರ. ಗಡಿಯ ಯಾವ ಬದಿಗೂ ಇದು ಸಣ್ಣ ಮಾತಲ್ಲ.

ಥೈರಾಯ್ಡ್ ಮತ್ತು ಇತರ ಹಾರ್ಮೋನುಗಳದ್ದು ಇನ್ನೂ ಸೂಕ್ಷ್ಮ. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಟಿಎಸ್‌ಎಚ್ ಹೊಸ ಮಟ್ಟಕ್ಕೆ ಬರಲು ಆರೆಂಟು ವಾರ ಬೇಕು. ಎರಡೇ ವಾರಕ್ಕೆ ಬೇರೆ ಊರಲ್ಲಿ ಪರೀಕ್ಷಿಸಿ ಗಾಬರಿಪಡುವುದು ವ್ಯರ್ಥ. ಎಫ್‌ಎಸ್‌ಎಚ್, ಎಲ್‌ಎಚ್ ಪರೀಕ್ಷೆಗಳನ್ನು ಸಾಮಾನ್ಯವಾಗಿ ಮುಟ್ಟಿನ ಎರಡು–ಮೂರನೆಯ ದಿನ ಮಾಡಿಸುತ್ತಾರೆ. ಯಾವ ದಿನದ ರಕ್ತ ಎಂದು ಬರೆದಿಡದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಲ್ಯಾಬಿಂದ ಲ್ಯಾಬಿಗೆ ಅಳತೆಯೂ ಬದಲಾಗಬಹುದು: ವಿಟಮಿನ್ ಡಿ ಒಂದು ಕಡೆ 20, ಇನ್ನೊಂದು ಕಡೆ 50 ಎಂದು ಬಂದರೆ, ಮೊದಲನೆಯದು ನ್ಯಾನೊಗ್ರಾಮ್ ಲೆಕ್ಕ, ಎರಡನೆಯದು ನ್ಯಾನೊಮೋಲ್ ಲೆಕ್ಕ ಇರಬಹುದು. ಹಾಗಿದ್ದರೆ ಎರಡೂ ಒಂದೇ. ಕೂದಲು ಉದುರುತ್ತದೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆ ಕೆಲವು ಥೈರಾಯ್ಡ್ ಪರೀಕ್ಷೆಗಳ ಅಂಕಿಯನ್ನೇ ತಪ್ಪಿಸಬಲ್ಲದು.

ಇದಕ್ಕೆ ಸರಕಾರ ಕೊಟ್ಟ ಉತ್ತರ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಅದರ 14 ಅಂಕಿಯ ‘ಆಭಾ’ ಸಂಖ್ಯೆಗೆ ರಾಜ್ಯದ ಗಡಿಯಿಲ್ಲ. ತಾತ್ವಿಕವಾಗಿ ನಮ್ಮಂಥವರಿಗೇ ಹೇಳಿ ಮಾಡಿಸಿದಂತಿದೆ. ಆದರೆ 70 ಕೋಟಿಗೂ ಹೆಚ್ಚು ಸಂಖ್ಯೆಗಳು ಹುಟ್ಟಿರುವುದು ಬೇರೆ, ಒಳಗೆ ರಿಪೋರ್ಟು ಇರುವುದು ಬೇರೆ. ಆಸ್ಪತ್ರೆಯೋ ಲ್ಯಾಬೋ ಜೋಡಿಸದಿದ್ದರೆ ಆಭಾ ಖಾಲಿ ಚೀಲ.

ಗುಟ್ಟಿನ ಪ್ರಶ್ನೆಯೂ ಇದೆ. ಖಾತೆ ಮನೆಯ ಗಂಡಸರ ಮೊಬೈಲ್ ನಂಬರಿಗೆ ಜೋಡಣೆಯಾಗಿದ್ದರೆ, ಮುಟ್ಟು, ಬಸಿರು, ಬಂಜೆತನದ ತಪಾಸಣೆಯ ವಿವರ ಆಕೆಗಿಂತ ಮೊದಲು ಬೇರೆಯವರ ಕೈಗೆ ಹೋಗುತ್ತದೆ. ಹಾಗಾಗಿ ‘ಒಪ್ಪುತ್ತೇನೆ’ ಎಂದು ಒತ್ತುವ ಮೊದಲು ಅಲ್ಲಿ ಬರೆದದ್ದು ಆಕೆಗೆ ಅರ್ಥವಾಗಬೇಕು.

ಇಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ಗಟ್ಟಿ ಆಧಾರ ಸಿಕ್ಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಂತೆ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಯಾವ ರಾಜ್ಯದಲ್ಲಿ ವಾಸ ಎಂಬ ಪ್ರಶ್ನೆಯೇ ಅಲ್ಲಿಲ್ಲ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ, ಈ ಭಾಗ ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ. ಅಕ್ಕಲಕೋಟೆಯಲ್ಲೋ ಮಂಜೇಶ್ವರದಲ್ಲೋ ಈ ಹಕ್ಕನ್ನು ಕೇಳುವವರೇ ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಶಾಲೆ, ನಾಮಫಲಕಗಳಿಗಾಗಿ ಅರ್ಜಿ ಬರೆದ ನಾವು ಈ ಅರ್ಜಿಯನ್ನೂ ಬರೆಯಬೇಕು.

ಅಲ್ಲಿಯವರೆಗೆ ಕಾಯಬೇಕಿಲ್ಲ. ಮನೆಯ ಪ್ರತಿ ಹೆಣ್ಣುಮಗಳಿಗೂ ಒಂದು ನೋಟ್‌ಬುಕ್ ಇರಲಿ. ತಾರೀಕು, ಲ್ಯಾಬಿನ ಹೆಸರು, ಪರೀಕ್ಷೆ, ಅಂಕಿ, ಅಳತೆ, ಮುಟ್ಟಿನ ಎಷ್ಟನೇ ದಿನ, ಆಗ ನುಂಗುತ್ತಿದ್ದ ಮಾತ್ರೆ ಇಷ್ಟನ್ನು ಕನ್ನಡದಲ್ಲೇ ಬರೆಯಿರಿ, ಅಂಕಿ ಮತ್ತು ಪರೀಕ್ಷೆಯ ಹೆಸರನ್ನು ರಿಪೋರ್ಟಿನಲ್ಲಿದ್ದಂತೆಯೇ ಇಳಿಸಿ. ಅರ್ಥ ಹೇಳುವ ಕೆಲಸ ವೈದ್ಯರದು. ಅಂಕಿ ನೋಡಿ ನಾವೇ ಮಾತ್ರೆ ಹೆಚ್ಚು ಕಡಿಮೆ ಮಾಡುವುದು ಬೇಡ. ಮಗಳನ್ನು ತವರಿಂದ ಕಳಿಸುವಾಗ ಮಡಿಲು ತುಂಬುತ್ತೇವೆ. ಅದರ ಜೊತೆಗೆ ಆ ನೋಟ್‌ಬುಕ್ಕೂ ಹೋಗಲಿ.