ಹಕ್ಕಿ ಪಾಲಿನ ನೀರು

ಕಾವೇರಿ ಮಾತು ಬಂದ್ರೆ ನಮ್ಗೆಷ್ಟು, ತಮಿಳುನಾಡಿಗೆಷ್ಟು ಅಂತ್ಲೇ ನಾವೆಲ್ಲ ಕೇಳೋದು. ಇನ್ನೊಂದು ಪಾಲೂ ಐತೆ ಕಣ್ರಕ್ಕ. 2007ರ ನ್ಯಾಯಮಂಡಳಿ ತೀರ್ಪಲ್ಲಿ 740 ಟಿಎಂಸಿ ಹಂಚುವಾಗ 10 ಟಿಎಂಸಿ ಪರಿಸರಕ್ಕೆ ಅಂತ ಎತ್ತಿಟ್ರು. ಸಂತೋಷವೇ. ಆದ್ರೆ ಆ ಪಟ್ಟೀಲಿ ರಂಗನತಿಟ್ಟಿನ ಹೆಸರಿಲ್ಲ. ಮನೇಲೂ ಅಷ್ಟೇ ಅಲ್ವಾ, ಇಂಥವ್ರಿಗೆ ಅಂತ ಹೇಳ್ದೆ ಎತ್ತಿಟ್ಟ ಊಟ ಮೊದ್ಲು ಬಂದೋರ ಪಾಲು.

ಸಲೀಂ ಅಲಿಯವರು ಹೇಳಿದ್ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಜಾಗಕ್ಕೆ ಕಾನೂನಿನ ಕಾವಲೈತೆ. ಆದ್ರೆ ಅಲ್ಲಿ ಕೊಕ್ಕರೆ, ಹೆಜ್ಜಾರ್ಲೆ ಗೂಡು ಕಾಯೋದು ಬೇಲಿಯಲ್ಲ, ತಿಟ್ಟಿನ ಸುತ್ತ ಇರೋ ನೀರು. ಹೊಳೆ ತೀರಾ ಇಳಿದ್ರೆ ನಾಯಿಗಳು ನಡ್ಕೊಂಡೇ ಹೋಗ್ಬೋದು. ಕಟ್ಟೆಯಿಂದ ಒಂದೇ ಸಲ ಬಿಟ್ರೆ ತಗ್ಗಿನ ಗೂಡು ಮುಳುಗ್ತವೆ.

ನಾಲೆ ನೀರು ನಿಲ್ಸಿ ಅಂತ ನಾನು ಹೇಳ್ತಿಲ್ಲ. ಭತ್ತ, ಕಬ್ಬು ಒಣಗಿದ್ರೆ ಸಂಸಾರ ನಡೆಯೋದು ಹೆಂಗೆ? ಆದ್ರೆ ತಿಟ್ಟು ಸುತ್ತೋ ನೀರು ಅಲ್ಲೇ ಖರ್ಚಾಗೋದಿಲ್ಲ, ಮುಂದಕ್ಕೆ ಹರೀತೈತೆ. ಕೆಆರ್‌ಎಸ್‌ನಿಂದ ತಮಿಳುನಾಡಿಗೆ ಬಿಡೋದೂ ಅದನ್ನ ದಾಟ್ಕೊಂಡೇ ಹೋಗ್ಬೇಕು. ಹಕ್ಕಿ ಮರಿ ಮಾಡೋ ತಿಂಗಳಲ್ಲಿ ಹೊಳೇಲಿ ಇಷ್ಟಕ್ಕಿಂತ ಕಮ್ಮಿ ಆಗ್ಬಾರ್ದು ಅಂತ ರಂಗನತಿಟ್ಟಿನ ಹೆಸರಲ್ಲೇ ಬರೀಲಿ. ಬರಗಾಲ ಬಂದಾಗ ಬರೆದಿಟ್ಟ ಪಾಲನ್ನ ಮಾತ್ರ ಕೇಳೋಕಾಗೋದು.