ರಾತ್ರಿ ಎರಡು ಗಂಟೆಗೆ ಯಾರಿರುತ್ತಾರೆ?

ಮೊನ್ನೆ ನನ್ನ ತಂಗಿಯ ಮಗಳ ಸೀಮಂತಕ್ಕೆ ಹೋಗಿದ್ದೆ. ಸರ್ಜಾಪುರದಿಂದ ದೊಮ್ಮಸಂದ್ರದ ಕಡೆ ಹೋಗುವ ದಾರಿಯಲ್ಲಿ ಅವರ ಮನೆ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸದವರು. ಬಂದ ಹೆಂಗಸರೆಲ್ಲ ಸೀರೆಯ ಅಂಚು ಮುಟ್ಟಿ ನೋಡಿದರು, ಮೊಗ್ಗಿನ ಜಡೆ ಹೊಗಳಿದರು, ಹೋಳಿಗೆಯ ಹೂರಣದ ಹದ ವಿಚಾರಿಸಿದರು. ಎಲ್ಲರೂ ಎದ್ದು ಹೋದ ಮೇಲೆ ನಾನು ಮೆಲ್ಲಗೆ ಕೇಳಿದೆ, "ಹೆರಿಗೆ ಎಲ್ಲಿ ಅಂತ ಗೊತ್ತು ಮಾಡಿದ್ದೀಯೇನೇ?"

"ಮಾಡಿದ್ದೀವಿ ದೊಡ್ಡಮ್ಮ. ಹೊಸ ನರ್ಸಿಂಗ್ ಹೋಂ. ಒಳಗೆ ಹೋದರೆ ಹೋಟೆಲ್ ಥರಾ ಇದೆ. ರೂಮಲ್ಲಿ ಟೀವಿ, ಜೊತೆಗೆ ಬಂದವರಿಗೆ ಸೋಫಾ, ಮಗುವಿನ ಫೋಟೋ ಕೂಡ ಅವರೇ ತೆಗೀತಾರಂತೆ."

"ಅದೆಲ್ಲ ಸರಿ ಕಣೇ. ರಾತ್ರಿ ಎರಡು ಗಂಟೆಗೆ ಅಲ್ಲಿ ಯಾರಿರ್ತಾರೆ?"

ಹುಡುಗಿ ನಕ್ಕುಬಿಟ್ಟಳು. "ಡಾಕ್ಟರ್ ಇರ್ತಾರಲ್ಲ ದೊಡ್ಡಮ್ಮ!" ಎಂದಳು. ಇರುತ್ತಾರೆಯೇ? ಅವಳು ಕೇಳಿರಲಿಲ್ಲ.

ಈ ಪ್ರಶ್ನೆ ನನ್ನ ನಾಲಿಗೆಯ ತುದಿಯಲ್ಲಿ ಕೂತಿರುವುದಕ್ಕೆ ಕಾರಣವಿದೆ, ಸೋದರಿಯರೇ. ಹಲವು ವರ್ಷದ ಹಿಂದೆ ನನ್ನ ನಾದಿನಿಗೆ ಬೆಂಗಳೂರಿನ ಹೊರವಲಯದ ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಅದರ ಹೆಸರು ಇಲ್ಲಿ ಬೇಡ. ಸಂಜೆ ಮಗು ಸುಖವಾಗಿ ಹುಟ್ಟಿತು, ನಾವು ಸಕ್ಕರೆ ಹಂಚಿದೆವು, ಡಾಕ್ಟರಮ್ಮ ಮನೆಗೆ ಹೋದರು. ನಡುರಾತ್ರಿ ನಾದಿನಿಗೆ ರಕ್ತ ಹೋಗತೊಡಗಿತು. ಇದ್ದವಳು ಒಬ್ಬಳೇ ನರ್ಸು, ಅವಳೂ ಎಳೆಯ ಹುಡುಗಿ. "ಮೊದಮೊದಲು ಹೀಗೆ ಹೋಗುತ್ತೆ ಆಂಟಿ" ಎಂದು ನಮಗೇ ಸಮಾಧಾನ ಹೇಳಿದಳು. ಡಾಕ್ಟರಮ್ಮ ಬರುವ ಹೊತ್ತಿಗೆ ಮುಕ್ಕಾಲು ಗಂಟೆ. ರಕ್ತ ಅಲ್ಲಿರಲಿಲ್ಲ. ಆಂಬುಲೆನ್ಸ್ ಇರಲಿಲ್ಲ. ನಮ್ಮ ಕಾರಿನಲ್ಲೇ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಜೀವ ಉಳಿಯಿತು, ಗರ್ಭಕೋಶ ಉಳಿಯಲಿಲ್ಲ. ಅವಳಿಗಾಗ ಇಪ್ಪತ್ತೈದು ವರ್ಷ.

ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ಒಂದೆರಡು ಗಂಟೆಯಲ್ಲೇ ಪ್ರಾಣಕ್ಕೆ ಕುತ್ತು ತರಬಲ್ಲುದು. ಗರ್ಭಿಣಿ ಗಟ್ಟಿಮುಟ್ಟಾಗಿದ್ದಳು, ಎಲ್ಲ ಪರೀಕ್ಷೆಯೂ ಸರಿಯಾಗಿತ್ತು ಎಂದರೂ ಬರಬಹುದು. ಆದ್ದರಿಂದಲೇ ನರ್ಸಿಂಗ್ ಹೋಮನ್ನು ಹಗಲಿನ ಅಂದದಿಂದ ಅಳೆಯಬೇಡಿ, ರಾತ್ರಿಯ ಸಿದ್ಧತೆಯಿಂದ ಅಳೆಯಿರಿ ಎನ್ನುತ್ತೇನೆ.

ಮಾರನೆಯ ವಾರ ನಾನೂ ಅವಳೂ ಸೇರಿ ಮೂರು ಕಡೆ ಹೋಗಿ ಬಂದೆವು. ಒಮ್ಮೆ ಹಗಲು, ಮತ್ತೊಮ್ಮೆ ರಾತ್ರಿ ಒಂಬತ್ತರ ಮೇಲೆ. ಆಗ ಕಂಡದ್ದನ್ನು, ಕೇಳಿದ್ದನ್ನು ನಿಮ್ಮ ಮುಂದಿಡುತ್ತೇನೆ. ಬೇಕಾದರೆ ಕತ್ತರಿಸಿ ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ಮೊದಲು ಗೋಡೆ ನೋಡಿ. ನಮ್ಮ ರಾಜ್ಯದಲ್ಲಿ ನರ್ಸಿಂಗ್ ಹೋಂಗಳಿಗೆಂದು 1976ರಲ್ಲೇ ಒಂದು ಕಾಯಿದೆ ಬಂದಿತ್ತು. ಅದರ ಜಾಗಕ್ಕೆ 2007ರಲ್ಲಿ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಬಂತು, 2017ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಇದರ ಪ್ರಕಾರ ಪ್ರತಿಯೊಂದು ಖಾಸಗಿ ಆಸ್ಪತ್ರೆಯೂ ನೋಂದಣಿಯಾಗಿರಬೇಕು. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು. ತುರ್ತು ಸ್ಥಿತಿಯಲ್ಲಿ ಬಂದವರಿಗೆ ಮುಂಗಡ ಹಣ ಕಟ್ಟಿದ ಮೇಲೇ ಚಿಕಿತ್ಸೆ ಎನ್ನುವಂತಿಲ್ಲ. ದೂರಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ನಾವು ಹೋದ ಒಂದು ಕಡೆ ದರಪಟ್ಟಿ ಎಲ್ಲಿ ಎಂದರೆ, "ಅಕೌಂಟ್ಸ್‌ನಲ್ಲಿ ಕೇಳಿ ಮೇಡಂ" ಎಂದರು. ನಾವು ನಮಸ್ಕಾರ ಹೇಳಿ ಎದ್ದು ಬಂದೆವು.

ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ" ಎಂಬ ಫಲಕ ಇದ್ದೇ ಇರಬೇಕು. 1994ರ ಕಾಯಿದೆ ಅದನ್ನು ಅಪರಾಧವೆಂದಿದೆ. ಯಾರಾದರೂ "ಲಡ್ಡು ತಯಾರಿಟ್ಟುಕೊಳ್ಳಿ" ಎಂದು ಕಣ್ಣು ಮಿಟುಕಿಸಿದರೆ, ಆ ಮೆಟ್ಟಿಲು ಮತ್ತೆ ಹತ್ತಬೇಡಿ. ಒಂದು ಕಾಯಿದೆ ಮುರಿದವರು ಇನ್ನೊಂದನ್ನು ಪಾಲಿಸುತ್ತಾರೆಂಬ ನಂಬಿಕೆ ಹೇಗೆ ಬಂದೀತು?

ಇನ್ನು ಪ್ರಶ್ನೆಗಳು. ಸಂಕೋಚ ಬೇಡ. ಸೊಪ್ಪು ಕೊಳ್ಳುವಾಗ ಕಟ್ಟು ಬಿಚ್ಚಿ ನೋಡುವವರು ನಾವು, ಇಲ್ಲಿ ಯಾಕೆ ನಾಚಬೇಕು?

ರಾತ್ರಿ ಪಾಳಿಯ ವೈದ್ಯರು ಕಟ್ಟಡದಲ್ಲೇ ಇರುತ್ತಾರೋ, ಫೋನ್ ಮಾಡಿದರೆ ಬರುತ್ತಾರೋ? ಅವರ ವಿದ್ಯಾರ್ಹತೆ ಏನು? ನಿಮ್ಮ ಡಾಕ್ಟರಮ್ಮ ಊರಲ್ಲಿಲ್ಲದಿದ್ದರೆ ಅವರ ಬದಲು ಯಾರು? ಹೆರಿಗೆ ವಾರ್ಡಿನ ನರ್ಸುಗಳು ತರಬೇತಿಯಾಗಿ ನೋಂದಣಿ ಮಾಡಿಸಿದವರೇ? ರಾತ್ರಿ ಎಷ್ಟು ಜನ ಇರುತ್ತಾರೆ?

ಅರಿವಳಿಕೆ ಕೊಡುವ ವೈದ್ಯರು, ಮಕ್ಕಳ ವೈದ್ಯರು ಎಲ್ಲಿಂದ ಬರುತ್ತಾರೆ? ಸಣ್ಣ ನರ್ಸಿಂಗ್ ಹೋಂಗಳಲ್ಲಿ ಇವರಿಬ್ಬರೂ ಹೊರಗಿನಿಂದ ಬರುವುದು ಸಾಮಾನ್ಯ. ಅದು ತಪ್ಪೇನಲ್ಲ, ಎಷ್ಟು ನಿಮಿಷದಲ್ಲಿ ಬರುತ್ತಾರೆ ಎಂಬುದು ಮುಖ್ಯ. ಕೋರಮಂಗಲದಿಂದ ಬರಬೇಕು ಎಂದರೆ ಸರ್ಜಾಪುರ ರಸ್ತೆಯನ್ನು ಒಮ್ಮೆ ನೆನೆದುಕೊಳ್ಳಿ.

ರಕ್ತ ಬೇಕಾದರೆ ಯಾವ ರಕ್ತನಿಧಿಯಿಂದ ತರುತ್ತಾರೆ? ತರಲು ಹೋಗುವವರು ಯಾರು, ಅವರೋ ನೀವೋ? ಎಷ್ಟು ಹೊತ್ತು? ನಿಮ್ಮದು ನೆಗೆಟಿವ್ ಗುಂಪಾದರೆ ಇದನ್ನು ಏಳನೇ ತಿಂಗಳಲ್ಲೇ ಮಾತಾಡಿಟ್ಟುಕೊಳ್ಳಿ. ರಕ್ತ ಕೊಡಲು ಒಪ್ಪಿದ ಇಬ್ಬರ ಫೋನ್ ನಂಬರು ಮನೆಯಲ್ಲಿ ಬರೆದಿಟ್ಟಿರಲಿ.

ಕೈಮೀರಿದರೆ ಎಲ್ಲಿಗೆ ಕಳಿಸುತ್ತಾರೆ? ಒಳ್ಳೆಯ ನರ್ಸಿಂಗ್ ಹೋಂ ಈ ಪ್ರಶ್ನೆಗೆ ತಕ್ಷಣ ಉತ್ತರ ಕೊಡುತ್ತದೆ. "ಅಂಥಾದ್ದೇನೂ ಆಗಲ್ಲ ಬಿಡಿ" ಎನ್ನುವ ಕಡೆ ಹುಷಾರು. ಮಗುವಿಗೆ ಉಸಿರಾಟದ ತೊಂದರೆಯಾದರೆ ನೋಡಿಕೊಳ್ಳುವ ಶಿಶು ಘಟಕ ಅಲ್ಲೇ ಇದೆಯೋ, ಬೇರೆಡೆಗೆ ಸಾಗಿಸಬೇಕೋ ಎಂಬುದನ್ನೂ ಕೇಳಿ.

ಸಿಸೇರಿಯನ್ ವಿಚಾರವನ್ನು ಮುಚ್ಚುಮರೆಯಿಲ್ಲದೆ ಕೇಳಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ನೂರಕ್ಕೆ 14ರಷ್ಟು ಸಿಸೇರಿಯನ್, ಖಾಸಗಿಯಲ್ಲಿ ನೂರಕ್ಕೆ 47ರಷ್ಟು. ಸಿಸೇರಿಯನ್ ಜೀವ ಉಳಿಸುವ ಶಸ್ತ್ರಚಿಕಿತ್ಸೆ, ಬೇಕಾದಾಗ ಬೇಕೇ ಬೇಕು. ಆದರೆ "ನಿಮ್ಮಲ್ಲಿ ನೂರರಲ್ಲಿ ಎಷ್ಟು? ಯಾವ ಸಂದರ್ಭದಲ್ಲಿ ಮಾಡ್ತೀರಿ?" ಎಂದರೆ ಸಮಾಧಾನವಾಗಿ ವಿವರಿಸುವ ವೈದ್ಯರನ್ನು ನಂಬಬಹುದು.

ಸ್ವಚ್ಛತೆ ನೋಡಬೇಕಾದರೆ ಮುಂದಿನ ಹಾಲ್ ಬಿಟ್ಟು ವಾರ್ಡಿನ ಕಕ್ಕಸು ನೋಡಿ. ಕೈ ತೊಳೆಯುವ ಬೇಸಿನ್ನಿನಲ್ಲಿ ಸೋಪು ಇದೆಯೇ, ನಲ್ಲಿಯಲ್ಲಿ ನೀರು ಬರುತ್ತಿದೆಯೇ? ಬಳಸಿದ ಹತ್ತಿ, ಬ್ಯಾಂಡೇಜಿಗೆ ಹಳದಿ, ಪ್ಲಾಸ್ಟಿಕ್ ನಳಿಗೆಗೆ ಕೆಂಪು, ಸೂಜಿಗೆ ಚುಚ್ಚಿ ಹೊರಬರದ ಬಿಳಿ ಡಬ್ಬ, ಹೀಗೆ ಕಸ ಬೇರೆಬೇರೆಯಾಗಿ ಹೋಗುತ್ತಿದೆಯೇ? ಜನರೇಟರ್ ಇದೆಯೇ? ಬೆಂಕಿ ಬಿದ್ದರೆ ಹೊರಹೋಗುವ ಎರಡನೆಯ ದಾರಿಗೆ ಹಳೇ ಮಂಚ ಅಡ್ಡ ಇಟ್ಟಿದ್ದಾರೆಯೇ? ಕೋಲ್ಕತ್ತದ ಹೆಸರುವಾಸಿ ಆಸ್ಪತ್ರೆಯೊಂದರಲ್ಲಿ 2011ರ ಡಿಸೆಂಬರಿನ ಬೆಂಕಿಗೆ ಎಂಬತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ನೆನಪಿರಲಿ.

"ಇಷ್ಟೆಲ್ಲ ನಮಗೆ ತಿಳಿಯುತ್ತದೆಯೇ?" ಎನ್ನುತ್ತೀರಾ? ನಿಮ್ಮ ಪರವಾಗಿ ನೋಡುವವರೂ ಇದ್ದಾರೆ. ಎನ್.ಎ.ಬಿ.ಎಚ್. ಎಂಬ ಸಂಸ್ಥೆ ಆಸ್ಪತ್ರೆಗಳ ಗುಣಮಟ್ಟ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ಹೆರಿಗೆಗೆಂದೇ ಸ್ತ್ರೀರೋಗ ತಜ್ಞರ ರಾಷ್ಟ್ರೀಯ ಒಕ್ಕೂಟದ 'ಮಾನ್ಯತಾ' ಎಂಬ ಪ್ರಮಾಣಪತ್ರವಿದೆ, ಅದಕ್ಕೆ 16 ಅಂಶಗಳನ್ನು ಪರಿಶೀಲಿಸುತ್ತಾರೆ. ಇದ್ದರೆ ಒಳ್ಳೆಯದು. ಆದರೂ ರಾತ್ರಿಯ ಭೇಟಿ ತಪ್ಪಿಸಬೇಡಿ. ವಿಮಾ ಕಂಪನಿಯ ಪಟ್ಟಿಯಲ್ಲಿ ಹೆಸರಿದೆ ಎಂದರೆ ಬಿಲ್ಲು ಅವರು ಕಟ್ಟುತ್ತಾರೆ ಎಂದಷ್ಟೇ ಅರ್ಥ. ಹೆರಿಗೆಗೆ ಎಷ್ಟರವರೆಗೆ, ಹುಟ್ಟಿದ ಮಗುವಿನ ಖರ್ಚೂ ಸೇರಿದೆಯೇ ಎಂದು ಕೇಳಿ. 'ಪ್ಯಾಕೇಜ್' ಎಂದರೆ ಅದರಲ್ಲಿ ಏನು ಸೇರಿಲ್ಲ ಎಂಬುದನ್ನು ಬರೆಸಿಕೊಳ್ಳಿ.

ದುಡ್ಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯೆಂದರೆ ಮೂಗು ಮುರಿಯುವುದು ಬೇಡ. ಸರ್ಜಾಪುರದಲ್ಲೇ ಸರ್ಕಾರಿ ಆಸ್ಪತ್ರೆಯಿದೆ, ಆನೇಕಲ್ಲಿನಲ್ಲಿ ತಾಲ್ಲೂಕು ಆಸ್ಪತ್ರೆಯಿದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ 1935ರಿಂದ ಹೆರಿಗೆ ಮಾಡಿಸುತ್ತಿದೆ, ಕಷ್ಟದ ಹೆರಿಗೆಗಳನ್ನು ಕೊನೆಗೆ ಕಳಿಸುವುದು ಅಂಥಲ್ಲಿಗೇ. ಖಾಸಗಿಯಲ್ಲಿ ತೋರಿಸುತ್ತಿದ್ದರೂ ತಾಯಿ ಕಾರ್ಡ್ ಮಾಡಿಸಿ, ಎಲ್ಲ ವರದಿಗಳ ಜೊತೆ ಒಂದೇ ಚೀಲದಲ್ಲಿಡಿ. ನಿಮ್ಮ ದಾಖಲೆಗಳನ್ನು ನೀವು ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ.

ಕೊನೆಯದು ದಾರಿ. ನಾವು ಸಂಜೆ ಆರಕ್ಕೆ ಹೊರಟು ಪ್ರತಿಯೊಂದು ಕಡೆಗೂ ಎಷ್ಟು ಹೊತ್ತಾಗುತ್ತದೆ ಎಂದು ಗಡಿಯಾರ ಹಿಡಿದು ನೋಡಿದೆವು. ಭಾನುವಾರ ಬೆಳಿಗ್ಗೆ ಇಪ್ಪತ್ತು ನಿಮಿಷದ ದಾರಿ, ಕಂಪನಿಗಳು ಬಿಡುವ ಹೊತ್ತಿನಲ್ಲಿ ಒಂದು ಗಂಟೆ ಹತ್ತು ನಿಮಿಷ ತೆಗೆದುಕೊಂಡಿತು. ಹತ್ತಿರದ ನರ್ಸಿಂಗ್ ಹೋಂ ಒಂದು, ದೊಡ್ಡ ಆಸ್ಪತ್ರೆ ಒಂದು, ಎರಡಕ್ಕೂ ದಾರಿ ಗೊತ್ತಿರಲಿ. ಉಚಿತ ಆಂಬುಲೆನ್ಸಿನ 108 ಮನೆಯವರೆಲ್ಲರಿಗೂ ಬಾಯಿಪಾಠ ಇರಲಿ.

ನಮ್ಮ ಹುಡುಗಿ ಯಾವುದನ್ನು ಆರಿಸಿದಳು ಅಂತೀರಾ? ಮೂರರಲ್ಲಿ ಹಳೆಯದನ್ನು. ಬಣ್ಣ ಮಾಸಿದ ಕಟ್ಟಡ, ಟೀವಿಯಿಲ್ಲ. ನಾವು ರಾತ್ರಿ ಹತ್ತಕ್ಕೆ ಹೋದಾಗ ಪಾಳಿಯ ಡಾಕ್ಟರು ಎದ್ದು ಬಂದು ಮಾತಾಡಿದರು. ನಡುವಯಸ್ಸಿನ ಸಿಸ್ಟರ್ ಒಬ್ಬರು ಹೆರಿಗೆ ಕೋಣೆ ತೋರಿಸಿ, ರಕ್ತಸ್ರಾವಕ್ಕೆಂದು ಬೇರೆಯಾಗಿ ಜೋಡಿಸಿಟ್ಟ ಔಷಧಿಯ ಟ್ರೇಯನ್ನು ನಾವು ಕೇಳುವ ಮೊದಲೇ ತೆರೆದರು. "ದಿನಾ ಪಾಳಿ ಬದಲಾಗುವಾಗ ಎಣಿಸ್ತೀವಮ್ಮ" ಎಂದರು.

ಹೊರಗೆ ಬಂದ ಮೇಲೆ ಹುಡುಗಿ ನನ್ನ ಕೈ ಹಿಡಿದುಕೊಂಡು, "ಇದೇ ಇರಲಿ ದೊಡ್ಡಮ್ಮ" ಎಂದಳು. ನನ್ನ ನಾದಿನಿಗೂ ಯಾರಾದರೂ ಆ ಟ್ರೇ ಎಣಿಸಿಟ್ಟಿದ್ದರೆ ಎಂದುಕೊಂಡೆ. ಹೇಳಲಿಲ್ಲ. ಬಸುರಿಯ ಎದುರು ಎಲ್ಲವನ್ನೂ ಆಡಬಾರದು.

ನಿಮ್ಮ ಮನೆಯಲ್ಲೂ ಒಬ್ಬ ಗರ್ಭಿಣಿ ಇದ್ದರೆ ನೋವು ಬರುವ ತನಕ ಕಾಯಬೇಡಿ. ಈ ವಾರವೇ ಒಂದು ರಾತ್ರಿ ಊಟ ಮುಗಿಸಿ ಹೋಗಿ ನೋಡಿಬನ್ನಿ.