ಸಕ್ಕರೆ ಬಿಡಿ ಎಂದವರು ಕಹಿಯನ್ನು ಮರೆತರು

‘ಸಕ್ಕರೆ ಹಾಕಬೇಡ, ಅದರ ಬದಲು ಮಾಲ್ಟ್ ಹಾಕು.’ ಇಂಗ್ಲೆಂಡಿನಲ್ಲಿ ಮನೆಯಲ್ಲೇ ಬಿಯರ್ ಮಾಡಿಕೊಳ್ಳುವ ಹತ್ತು ಜನರನ್ನು ಕೇಳಿ ನೋಡಿ, ಒಂಬತ್ತು ಜನ ಕೊಡುವ ಉಪದೇಶ ಇದೇ. ಹತ್ತನೆಯವನು ಡಬ್ಬಿಯನ್ನೇ ಬಿಸಾಡು, ಬಾರ್ಲಿಯಿಂದಲೇ ಶುರು ಮಾಡು ಅನ್ನುತ್ತಾನೆ. ಲೀಡ್ಸಿನ ನಮ್ಮ ಮನೆಯ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಎಂಟು ವರ್ಷದಿಂದ ಬಕೆಟ್ ಇಟ್ಟುಕೊಂಡಿರುವ ನನಗೆ ಈ ಹತ್ತೂ ಜನರ ಮೇಲೆ ತಕರಾರಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಯರ್ ಕಿಟ್ ಎಂದರೆ ಒಂದು ತಗಡಿನ ಡಬ್ಬಿ. ಒಳಗೆ ಜೋನಿಬೆಲ್ಲದಷ್ಟು ಮಂದವಾದ, ಹೆಚ್ಚುಕಡಿಮೆ ಅದೇ ಬಣ್ಣದ 1.7 ಕಿಲೋ ಪಾಕ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟ್‌ನ, ಸಿಹಿಯನ್ನು ನೀರಿಗಿಳಿಸಿ, ಹಾಪ್ಸ್ ಎಂಬ ಬಳ್ಳಿಯ ಹೂವಿನ ಕಹಿ ಸೇರಿಸಿ, ನೀರು ಇಂಗಿಸಿ ತುಂಬಿದ್ದು. ನಾವು ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದು ಕಿಲೋ ಸಕ್ಕರೆ ಹಾಕಿ, 23 ಲೀಟರ್ ಆಗುವಷ್ಟು ತಣ್ಣೀರು ತುಂಬಿಸಿ, ಯೀಸ್ಟ್ ಉದುರಿಸಬೇಕು. 1963ರ ಬಜೆಟ್ಟಿನಲ್ಲಿ ರೆಜಿನಾಲ್ಡ್ ಮೌಡ್ಲಿಂಗ್ ರದ್ದು ಮಾಡಿದಂದಿನಿಂದ ಇಲ್ಲಿ ಇದಕ್ಕೆ ಲೈಸೆನ್ಸಿನ ಗೊಡವೆಯಿಲ್ಲ. (ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮಾಡಿದರೆ ಅಬಕಾರಿ ಕೇಸು. ಬೆಂಗಳೂರಿನವರು ಓದಿ ಸುಮ್ಮನಿರಿ.)

ದಾವಣಗೆರೆಯ ನನ್ನ ಗೆಳೆಯನೊಬ್ಬ ಡಬ್ಬಿಯ ಮೇಲಿದ್ದುದನ್ನು ಅಕ್ಷರಶಃ ಪಾಲಿಸಿದ. ಬಂದದ್ದು ನೀರುನೀರಾದ, ನಾಲಿಗೆಯ ಮೇಲೆ ನಿಲ್ಲದ ಏನೋ ಒಂದು. ಯೀಸ್ಟಿಗೆ ಸಕ್ಕರೆ ಎಂದರೆ ಪೂರ್ತಿ ತಿಂದು ಮುಗಿಸುವ ಊಟ. ಆಲ್ಕೋಹಾಲ್ ಸಿಗುತ್ತದೆ, ಹಿಂದೆ ಏನೂ ಉಳಿಯುವುದಿಲ್ಲ. ಮಾಲ್ಟ್‌ನಲ್ಲಾದರೆ ಯೀಸ್ಟಿಗೆ ಅರಗದ ಕಾಲುಭಾಗದಷ್ಟು ಉಳಿದು ಬಿಯರಿಗೆ ಮೈಕೊಡುತ್ತದೆ. ಆ ಒಂಬತ್ತು ಜನರ ಉಪದೇಶ ಹುಟ್ಟಿದ್ದು ಇಲ್ಲಿಂದ. ಇಲ್ಲಿಯವರೆಗೆ ನನ್ನದೂ ಒಪ್ಪಿಗೆ.

ಗೆಳೆಯ ಎರಡನೇ ಸಲ ಒಂದು ಕಿಲೋ ಸಕ್ಕರೆಗೆ ಬದಲು ಒಂದು ಕಿಲೋ ಮಾಲ್ಟ್ ಪುಡಿ ಹಾಕಿದ. ಆರು ವಾರ ಕಾದು ಬಾಟಲಿ ತೆಗೆದು, ಒಂದು ಗುಟುಕು ಕುಡಿದು ನನ್ನ ಮುಖ ನೋಡಿದ. ‘ಇದೇನೋ ಮಾರಾಯ, ಕಾಯಿಲೆಯವರಿಗೆ ಕೊಡೋ ಮಾಲ್ಟ್ ಥರ ಇದೆ!’ ಇಪ್ಪತ್ತೆರಡು ಲೀಟರ್ ಸಿಂಕಿಗೆ ಹೋಯಿತು. ಅವನು ಬಕೆಟ್ಟನ್ನೂ ಯಾರಿಗೋ ಕೊಟ್ಟುಬಿಟ್ಟ. ಹೀಗೆ ಬಿಟ್ಟವರು ನನಗೆ ಗೊತ್ತಿರುವವರಲ್ಲೇ ನಾಲ್ಕು ಜನ. ಎಲ್ಲರೂ ತಮ್ಮ ಕೈಗುಣ ಸರಿಯಿಲ್ಲ ಅಂದುಕೊಂಡಿದ್ದಾರೆ. ಕೈಗುಣ ಸರಿಯಿತ್ತು ಸ್ವಾಮಿ. ಉಪದೇಶವೇ ಅರ್ಧದ್ದು.

ಡಬ್ಬಿಯೊಳಗಿನ ಕಹಿಯನ್ನು ತೂಗಿಟ್ಟಿದ್ದು ಆ ತೆಳ್ಳಗಿನ ಸಕ್ಕರೆ ಬಿಯರಿಗಾಗಿ. ಮೈ ದಪ್ಪವಾದಾಗ ಅದೇ ಕಹಿ ಸಿಹಿಯಡಿಯಲ್ಲಿ ಹೂತುಹೋಗುತ್ತದೆ. ತಮಾಷೆ ಏನೆಂದರೆ, ಇದು ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ಕಹಿಯ ಅಂಕಿಯನ್ನು (ಒಂದು ಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಕಹಿ ಅಂಶ ಎಂಬುದು) ಯೀಸ್ಟ್ ಹಾಕುವ ಮುಂಚಿನ ಸಾಂದ್ರತೆಯಿಂದ ಭಾಗಿಸಿ ನೋಡುವ ಕ್ರಮವೊಂದಿದೆ. ರೇ ಡೇನಿಯಲ್ಸ್ 1996ರ ತನ್ನ ಪುಸ್ತಕದಲ್ಲಿ ಬಳಸಿದ ಮೇಲೆ ಅದು ಮನೆಬಿಯರಿನವರಿಗೆ ವೇದವಾಗಿದೆ. ಸಕ್ಕರೆ ಹಾಕಿದ ಕಿಟ್ಟು ಸುಮಾರು 1.039ಕ್ಕೆ ಶುರುವಾಗುತ್ತದೆ, ಮಾಲ್ಟ್ ಹಾಕಿದ್ದು 1.038ಕ್ಕೆ. ಕಹಿ ಎರಡರಲ್ಲೂ 22 ಎಂದಿಟ್ಟುಕೊಳ್ಳಿ. ಭಾಗಿಸಿದರೆ ಎರಡೂ ಹೆಚ್ಚುಕಡಿಮೆ ಒಂದೇ! ಆದರೆ ಯೀಸ್ಟ್ ಕೆಲಸ ಮುಗಿಸಿದ ಮೇಲೆ ಅಳೆದು ನೋಡಿ. ಸಕ್ಕರೆಯದು 1.005ರ ಆಸುಪಾಸಿಗೆ ಇಳಿದಿರುತ್ತದೆ, ಮಾಲ್ಟ್‌ನದು 1.010ರ ಹತ್ತಿರವೇ ನಿಂತಿರುತ್ತದೆ. ನಾವು ಕುಡಿಯುವುದು ಕೊನೆಗೆ ಉಳಿದದ್ದನ್ನು. ಸೂತ್ರ ನೋಡುವುದು ಮೊದಲಿದ್ದದ್ದನ್ನು.

ಯುಗಾದಿಯ ಬೇವುಬೆಲ್ಲ ಈಗ ಬರುತ್ತದೆ ಎಂದು ಕಾಯುತ್ತಿದ್ದೀರಾ? ಇಲ್ಲ, ಅಲ್ಲಿ ಯಾರೂ ಹದ ನೋಡುವುದಿಲ್ಲ. ಹಾಗಲಕಾಯಿ ಗೊಜ್ಜು ಸರಿಯಾದ ಹೋಲಿಕೆ. ಹೋಳುಗಳಿಗೆ ಉಪ್ಪು ಸವರಿ ಕಹಿಯನ್ನೆಲ್ಲ ಹಿಂಡಿ ತೆಗೆದು, ಆಮೇಲೆ ಅದೇ ಹಳೇ ಅಳತೆಯ ಬೆಲ್ಲ ಹಾಕಿದವರ ಮನೆಯಲ್ಲಿ ನಾನು ಉಂಡಿದ್ದೇನೆ. ಸಾಗರದ ನನ್ನಮ್ಮ ಒಂದು ಚೂರು ಬಾಯಿಗೆ ಹಾಕಿಕೊಳ್ಳದೆ ಬೆಲ್ಲದ ಡಬ್ಬಕ್ಕೆ ಕೈಹಾಕುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಸಣ್ಣ ಕೆಲಸ. ಎರಡು ಲೀಟರ್ ನೀರಿಗೆ ಆ ಮಾಲ್ಟ್ ಪುಡಿಯಲ್ಲೇ ಇನ್ನೂರು ಗ್ರಾಂ ಹಾಕಿ ಕುದಿಸಿ, 25 ಗ್ರಾಂ ಗೋಲ್ಡಿಂಗ್ಸ್ ಹಾಪ್ಸ್ ಸೇರಿಸಿ ಮುಕ್ಕಾಲು ಗಂಟೆ ಕುದಿಯಲು ಬಿಡಿ. ಸೋಸಿ ಬಕೆಟ್ಟಿಗೆ ಸುರಿಯಿರಿ. ಗೋಲ್ಡಿಂಗ್ಸಿನಲ್ಲಿ ಆಲ್ಫಾ ಆಮ್ಲ ಸುಮಾರು 5%, ಅಂದರೆ 1250 ಮಿಲಿಗ್ರಾಂ. ಕುದಿತದಲ್ಲಿ ಅದರ ಐದನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಮಾತ್ರ ಕಹಿಯಾಗಿ ನಿಲ್ಲುತ್ತದೆ. 23 ಲೀಟರಿಗೆ ಹಂಚಿದರೆ 12 ಅಂಕ ಸೇರಿದಂತಾಯಿತು. ನನಗೆ ಅಷ್ಟು ಸಾಕು, ನಿಮಗೆ 15 ಗ್ರಾಮೇ ಸಾಕಾಗಬಹುದು.

ಕುದಿಸದೆ ಬಕೆಟ್ಟಿಗೇ ಹಾಪ್ಸ್ ಎಸೆಯುವವರು ಉಂಟು. ಘಮ ಬರುತ್ತದೆ, ಡಬ್ಬಿಯಲ್ಲಿ ಕಡಿಮೆಯಿದ್ದ ಕಹಿ ಹಾಗೇ ಕಡಿಮೆ ಉಳಿಯುತ್ತದೆ. ಕುದಿಯದೆ ಆಲ್ಫಾ ಆಮ್ಲ ಬದಲಾಗುವುದಿಲ್ಲ. ನೀರು ಕಡಿಮೆ ಮಾಡಿ 20 ಲೀಟರಿಗೆ ನಿಲ್ಲಿಸುವವರೂ ಉಂಟು. ಸಿಹಿ ಕಹಿ ಎರಡೂ ಒಂದೇ ಪ್ರಮಾಣದಲ್ಲಿ ಏರುತ್ತವೆ, ಜಗಳ ಇದ್ದಲ್ಲೇ ಇರುತ್ತದೆ. ಸಕ್ಕರೆ ಬಿಟ್ಟು ಎರಡು ಡಬ್ಬಿ ಸುರಿಯುವ ವೀರರದ್ದು ಉಲ್ಟಾ ಕಥೆ. ಸಾಂದ್ರತೆ ಐದು ಅಂಕ ಏರಿದರೆ ಕಹಿ ನೇರ ಎರಡರಷ್ಟು. ನಾನೂ ಒಮ್ಮೆ ಮಾಡಿದ್ದೆ. ಆ ಬಾಟಲಿಗಳು ಒಂದು ವರ್ಷ ಕಪಾಟಿನಲ್ಲಿ ಕೂತು ಮೆತ್ತಗಾದವು.

ಇನ್ನು ಆ ಹತ್ತನೆಯವನು. ಡಬ್ಬಿಯ ಬಿಯರ್ ಬಿಯರೇ ಅಲ್ಲ, ಸಕ್ಕರೆ ಮೋಸ ಅನ್ನುವ ಮಡಿವಂತ. ಅವನದೇ ದೇಶದ ಬ್ರೂವರಿಗಳಿಗೆ ಸಕ್ಕರೆ ಬಳಸಲು 1847ರಲ್ಲೇ ಕಾನೂನು ಒಪ್ಪಿಗೆ ಕೊಟ್ಟಿತು. ಬೆಲ್ಜಿಯಮ್ಮಿನ ಟ್ರಿಪೆಲ್‌ಗೆ ಸಕ್ಕರೆ ಬೇಕೇಬೇಕು. ನಾನೇ ಈಗಲೂ ಮುನ್ನೂರು ಗ್ರಾಂ ಸಕ್ಕರೆ, ಏಳುನೂರು ಗ್ರಾಂ ಮಾಲ್ಟ್ ಹಾಕುವುದುಂಟು. ಹಾಗೆ ಮಾಡಿದಾಗ ಹಾಪ್ಸ್ ಇಳಿಸುತ್ತೇನೆ. ಬಾರ್ಲಿಯಿಂದ ಶುರು ಮಾಡುವುದಕ್ಕೆ ಇಡೀ ದಿನ, ದೊಡ್ಡ ಪಾತ್ರೆ, ಗ್ಯಾರೇಜು ಬೇಕು. ಬಾಡಿಗೆಯ ಒಂದೇ ಕೋಣೆಯಲ್ಲಿರುವ ವಿದ್ಯಾರ್ಥಿಗೆ ಅವನು ಹೇಳುತ್ತಿರುವುದು ಏನು? ನಿನಗೆ ಇದೆಲ್ಲ ಬೇಡ ಅಂತ, ಅಷ್ಟೆ.

ಕಿಟ್ ಮಾಡುವವರನ್ನೂ ಬಿಡಲಾರೆ. ನಾನು ಕೊಂಡ ಎಷ್ಟೋ ಡಬ್ಬಿಗಳ ಮೇಲೆ ಬಂಗಾರದ ಅಕ್ಷರ, ಕುದುರೆಗಾಡಿ, ಹಳೇ ಪಬ್ಬಿನ ಚಿತ್ರ ಎಲ್ಲ ಇತ್ತು. ಒಳಗಿರುವ ಕಹಿ ಎಷ್ಟು ಎಂಬ ಒಂದು ಅಂಕಿ ಇರಲಿಲ್ಲ. ಕುದುರೆಯ ಬಾಲದಷ್ಟು ಜಾಗ ಸಾಕಿತ್ತು. ಅದಿಲ್ಲದೆ ಮೊದಲ ಸಲದವನು ಯಾವ ಲೆಕ್ಕ ಹಾಕಬೇಕು? ನಾನಂತೂ ಹೊಸ ಡಬ್ಬಿ ತಂದಾಗ ಮೊದಲು ಮಾಡುವುದು ಒಂದೇ: ಒಂದು ಚಮಚ ಪಾಕವನ್ನು ಹತ್ತು ಪಾಲು ನೀರಿನಲ್ಲಿ ಕಲಸಿ ಕುಡಿದು, ಬಾಯಿ ತೊಳೆದುಕೊಂಡು, ಇನ್ನೊಮ್ಮೆ ಕುಡಿಯುವುದು. ಆಮೇಲೆ ತಕ್ಕಡಿ ತೆಗೆಯುತ್ತೇನೆ.